ನನ್ನ ಕುದುರೆ ಸುಮ್ಮನೆ ಅಲೆಯುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ಚೆಸ್‌ನಲ್ಲಿ ಕುದುರೆ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಅನ್ನೋದು ಗೊತ್ತು. ನಡುವಿನ ಕಾಯಿ ಹಾರುತ್ತದೆ ಅನ್ನೋದೂ ಗೊತ್ತು. ಆದರೆ ಮುಂದೆ ತಂದು ಇಟ್ಟ ಕೂಡಲೇ ಎದುರಾಳಿ ಪದಾತಿ ತಳ್ಳಿ ಓಡಿಸುತ್ತಾನೆ. ಅವನ ಕುದುರೆ ಮಾತ್ರ ನನ್ನ ರಾಜನಿಗೂ ಆನೆಗೂ ಒಟ್ಟಿಗೇ ಬಾಯಿ ಹಾಕುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ (ತರಬೇತುದಾರ): ಕುದುರೆ ಕೈಗೆತ್ತಿಕೊಂಡ ಮೇಲೆ ಜಾಗ ಹುಡುಕುತ್ತಿದ್ದೀರಿ ಅನ್ಸುತ್ತೆ. ಮೊದಲು ಜಾಗ ನೋಡಿ, ಆಮೇಲೆ ದಾರಿ. ಒಂಟೆ ಮೂಲೆಯಲ್ಲಿ ಕೂತೇ ಇಡೀ ಕರ್ಣ ಕಾಯುತ್ತದೆ. ಕುದುರೆಗೆ ಆ ಭಾಗ್ಯ ಇಲ್ಲ, ಹತ್ತಿರ ಹೋಗಲೇಬೇಕು. ಮೂಲೆಯಲ್ಲಿ ಅದಕ್ಕೆ ಎರಡೇ ಮನೆ, ಹೆಚ್4ನಂಥ (ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು) ಅಂಚಿನಲ್ಲಿ ನಾಲ್ಕು, ನಡುವೆ ಇ5ರಲ್ಲಿ ಎಂಟು. ನಡುವೆಯೂ ಎಲ್ಲ ಮನೆ ಒಳ್ಳೆಯದಲ್ಲ. ಎದುರಾಳಿಯ ಯಾವ ಪದಾತಿಯೂ ಬಂದು ಹೊಡೆಯಲಾಗದ, ನಿಮ್ಮ ಪದಾತಿ ಕಾಯುವ ಮನೆ ಬೇಕು. ಅದೇ ಔಟ್‌ಪೋಸ್ಟ್. 1985ರ ವಿಶ್ವ ಚಾಂಪಿಯನ್‌ಷಿಪ್‌ನ 16ನೇ ಆಟ ಹಾಕಿ ನೋಡಿ. ಕಪ್ಪು ಕಾಯಿ ಆಡಿದ ಕಾಸ್ಪರೋವ್‌ನ ಕುದುರೆ ಡಿ3ಯಲ್ಲಿ ಬೇರೂರಿತು. ಕಾರ್ಪೋವ್‌ನ ಆನೆಗಳು ಮನೆಬಿಟ್ಟು ಅಲ್ಲಾಡದ ಹಾಗಾಯ್ತು, ಆಟವೂ ಹೋಯ್ತು.

ಇನ್ನು ಫೋರ್ಕ್, ಅಂದರೆ ಒಂದೇ ಕಾಯಿ ಎರಡಕ್ಕೆ ಒಟ್ಟಿಗೇ ಬಾಯಿ ಹಾಕೋದು. ಕುದುರೆ ಪ್ರತಿ ನಡೆಯಲ್ಲೂ ಬಣ್ಣ ಬದಲಿಸುತ್ತದೆ. ಹಾಗಾಗಿ ಅದು ಮುಂದಿನ ನಡೆಯಲ್ಲಿ ಗುರಿಯಿಡುವುದು ಈಗ ತಾನು ನಿಂತ ಬಣ್ಣದ ಮನೆಗಳಿಗೇ. ಬಿಳಿಯ ಕುದುರೆ ಬಿ5ರಲ್ಲಿದೆ, ನಿಮ್ಮ ರಾಜ ಇ8ರಲ್ಲಿ, ಆನೆ ಎ8ರಲ್ಲಿ. ಮೂರೂ ತಿಳಿಬಣ್ಣದ ಮನೆ! ಅದು ಸಿ7ಕ್ಕೆ ಹಾರಿದರೆ ಎರಡಕ್ಕೂ ಗುರಿ; ಸಿ7 ಕಾಯದಿದ್ದರೆ ಆನೆ ಹೋಯಿತೆಂದೇ ಲೆಕ್ಕ. ಕುದುರೆ ಕೊಟ್ಟ ಚೆಕ್‌ಗೆ ಅಡ್ಡ ಇಡಲು ಬರುವುದಿಲ್ಲ. ಒಂದೋ ಅದನ್ನು ಹೊಡೆಯಬೇಕು, ಇಲ್ಲವೇ ರಾಜ ಸರಿಯಬೇಕು. ನನ್ನ ವಿದ್ಯಾರ್ಥಿಗಳಿಗೆ ಹೇಳೋದು ಇಷ್ಟೇ: ನಿಮ್ಮ ದೊಡ್ಡ ಕಾಯಿಗಳು ಅವನ ಕುದುರೆಯ ಬಣ್ಣದಲ್ಲಿದ್ದರೆ ಒಂದು ಸಲ ನಿಂತು ನೋಡಿ.

ಪ್ರಶ್ನೆ: ಬಣ್ಣದ ವಿಷಯ ತಲೆಗೇ ಬಂದಿರಲಿಲ್ಲ ಸರ್! ಹಾಗಾದರೆ ಕೊನೆಯಾಟದಲ್ಲಿ ಒಂಟೆ ಮೇಲೋ ಕುದುರೆಯೋ?

ಉತ್ತರ: ಲೆಕ್ಕಕ್ಕೆ ಎರಡೂ ಸುಮಾರು ಮೂರು ಪದಾತಿ. ಪದಾತಿಗಳು ಎದುರುಬದುರು ಸಿಕ್ಕಿಕೊಂಡಿದ್ದರೆ ನಾನು ಕುದುರೆ ಉಳಿಸಿಕೊಳ್ಳುತ್ತೇನೆ. ಎರಡೂ ಬದಿಯಲ್ಲಿ ಪದಾತಿ ಓಡುತ್ತಿದ್ದರೆ ಒಂಟೆ. ಎರಡು ಒಂಟೆಯಿಂದ ಒಂಟಿ ರಾಜನಿಗೆ ಬಲವಂತವಾಗಿ ಮೇಟ್ ಮಾಡಬಹುದು, ಎರಡು ಕುದುರೆಯಿಂದ ಆಗದು.

ಪ್ರಶ್ನೆ: ಕುದುರೆ ಚೆಕ್ ಮೇಲೆ ಚೆಕ್ ಕೊಡುತ್ತಿದ್ದರೆ ರಾಜ ಎಲ್ಲಿಗೆ ಓಡಬೇಕು?

ಉತ್ತರ: ಕುದುರೆಯಿಂದ ಕರ್ಣದಲ್ಲಿ ಎರಡನೇ ಮನೆಗೆ. ಅದು ಇ4ರಲ್ಲಿದ್ದರೆ ನೀವು ಜಿ6ರಲ್ಲಿ ನಿಲ್ಲಿ. ಮತ್ತೆ ಚೆಕ್ ಕೊಡಲು ಅದಕ್ಕೆ ಮೂರು ನಡೆ ಬೇಕು. ಅಷ್ಟರಲ್ಲಿ ನಿಮ್ಮ ಪದಾತಿ ಎಷ್ಟು ದೂರ ಹೋಗುತ್ತದೆ ಎಣಿಸಿ.