ಅಡಿಕೆ ಸುಲಿಯುವಾಗ ಕೇಳಿದ ಫ್ರೆಂಚ್ ಹಾಡು, ಯಾರಿಗಾದರೂ ಗೊತ್ತಾ?

ಮೆಟ್ಟುಕತ್ತಿ (ಸಾಗರ):
ನಿನ್ನೆ ರಾತ್ರಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ನಾನು, ಅಮ್ಮ, ಪಕ್ಕದ ಮನೆಯ ಇಬ್ಬರು ಅಕ್ಕಂದಿರು. ಫೋನಿನಲ್ಲಿ ಯಕ್ಷಗಾನದ ಪದ ಮುಗಿದ ಮೇಲೆ ತಾನಾಗಿಯೇ ಇನ್ನೊಂದು ಹಾಡು ಬಂತು. ಇಬ್ಬರು ಹೆಂಗಸರು, ಜೋಕಾಲಿ ತೂಗಿದ ಹಾಗೆ. ನಾಲ್ಕು ಕತ್ತಿಯೂ ಸುಮ್ಮನಾದವು. ಭಾಷೆ ಫ್ರೆಂಚ್ ಅಂತೆ, ಆದರೆ ಶುರುವಿನಲ್ಲಿ ‘ಮಲ್ಲಿಕಾ’ ಅಂದಿದ್ದು ಎಲ್ಲರಿಗೂ ಕೇಳಿಸಿತು. ಬ್ರಿಟಿಷ್ ಏರ್‌ವೇಸ್ ಜಾಹೀರಾತಿನಲ್ಲೂ ಇದೇ ಬರುತ್ತಿತ್ತು ಅಲ್ವಾ? ಕಥೆ ಏನು?

ತುಂಗೆ ದಡ (ತೀರ್ಥಹಳ್ಳಿ):
ಅದು ‘ಲಾಕ್ಮೆ’. ಲಿಯೋ ಡೆಲೀಬ್ ಸಂಗೀತ ಕೊಟ್ಟ ಅಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, 1883ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಆಡಿದ್ದು. ಕಥೆ ನಡೆಯುವುದು ನಮ್ಮ ದೇಶದಲ್ಲೇ. ಲಾಕ್ಮೆ ಅಂದರೆ ಲಕ್ಷ್ಮಿ, ಅವರ ಬಾಯಲ್ಲಿ ಹಾಗಾಗಿದೆ. ಅಪ್ಪ ನೀಲಕಂಠ, ಪೂಜೆಯ ಬ್ರಾಹ್ಮಣ. ಮಲ್ಲಿಕಾ ಮನೆಯ ದಾಸಿ.

ಇಬ್ಬರೂ ಹೊಳೆಯ ಕಡೆ ಹೂ ಕೊಯ್ಯಲು ಹೊರಡುವಾಗಿನ ಹಾಡು ಅದು. ಮಲ್ಲಿಗೆ, ಗುಲಾಬಿ ಹೆಣೆದುಕೊಂಡ ಚಪ್ಪರದ ಮಾತು. ಲಾಕ್ಮೆಯದು ಎತ್ತರದ ದನಿ, ಮಲ್ಲಿಕಾಳದು ಸ್ವಲ್ಪ ಕೆಳಗೆ. ಹೆಚ್ಚಿನ ಕಡೆ ಸ-ಗದಷ್ಟೇ ಅಂತರ ಬಿಟ್ಟು ಜೊತೆಜೊತೆಗೇ ಏರಿ ಇಳಿಯುತ್ತವೆ. ಎಣಿಕೆ ಆರರದು, ಅದಕ್ಕೇ ನಿಮಗೆ ಜೋಕಾಲಿ ಅನ್ನಿಸಿದ್ದು.

ಹೋಗುವ ಮುಂಚೆ ಲಾಕ್ಮೆ ಒಡವೆ ಬಿಚ್ಚಿಡುತ್ತಾಳೆ. ಅದರ ಚಿತ್ರ ಬರೆಯಲು ನಿಂತ ಜೆರಾಲ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಅವಳಿಗೇ ಮನಸೋಲುತ್ತಾನೆ. ಅಪ್ಪ ಮಗಳನ್ನು ಸಂತೆಯಲ್ಲಿ ಹಾಡಿಸಿ, ಅವನನ್ನು ಪತ್ತೆ ಮಾಡಿ ಚೂರಿ ಹಾಕುತ್ತಾನೆ. ಕಾಡಿನ ಗುಡಿಸಲಿನಲ್ಲಿ ಅವಳೇ ಆರೈಕೆ ಮಾಡಿ ಉಳಿಸುತ್ತಾಳೆ. ಆದರೆ ಅವನ ಜೀವ ದಂಡಿನ ಕಡೆಗೇ ಎಳೆಯುತ್ತದೆ. ಅದು ಗೊತ್ತಾದದ್ದೇ ಉಮ್ಮತ್ತಿ ತಿನ್ನುತ್ತಾಳೆ. ಹೌದು, ನಮ್ಮ ಹಿತ್ತಲ ಮೂಲೆಯ ಗಿಡವೇ.

ಕೊಡಚಾದ್ರಿ ಮೋಡ (ಹೊಸನಗರ):
ಆ ಸಂತೆಯ ಹಾಡನ್ನೂ ಕೇಳಿ, ‘ಗಂಟೆ ಹಾಡು’ ಅಂತ ಕರೆಯುತ್ತಾರೆ. ಗಂಟಲಿನಲ್ಲೇ ಗಂಟೆ ಅಲ್ಲಾಡಿಸಿದ ಹಾಗೆ. ನನಗಂತೂ ಹೂವಿನ ಹಾಡಿಗಿಂತ ಇದೇ ಜಾಸ್ತಿ ಇಷ್ಟ. ಮಾತಿಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಅದರಲ್ಲಿ ವಿಷ್ಣು ಬ್ರಹ್ಮನ ಮಗ! ನಮ್ಮಜ್ಜಿ ಇದ್ದಿದ್ದರೆ ಬರೆದವರನ್ನು ಜಗಲಿಯಲ್ಲಿ ಕೂರಿಸಿ ಹೊಕ್ಕುಳ ಕಮಲದ ಕಥೆ ಹೇಳುತ್ತಿದ್ದರು.

ಮೆಟ್ಟುಕತ್ತಿ:
ಇವತ್ತು ಮತ್ತೆ ಹಾಕಿದೆ, ಕಥೆಯನ್ನೂ ಹೇಳಿದೆ. ಜೆರಾಲ್ಡ್‌ಗೆ ಅಕ್ಕಂದಿರಿಂದ ಚೆನ್ನಾಗಿ ಬೈಗುಳ ಬಿತ್ತು. ಅಮ್ಮ ಕೇಳಿದ್ದು ಒಂದೇ, ಮಲ್ಲಿಕಾ ಆಮೇಲೆ ಏನಾದಳು?

ತುಂಗೆ ದಡ:
ಆ ಹಾಡು ಮುಗಿದ ಮೇಲೆ ಅವಳಿಗೆ ಹೇಳಿಕೊಳ್ಳುವಂಥ ಕೆಲಸವೇ ಇಲ್ಲ ಮಾರಾಯರೇ. ಅಮ್ಮನಿಗೆ ಹೂ ಕೊಯ್ಯುತ್ತಾ ಇದ್ದಾಳೆ ಅನ್ನಿ.