ಸೋಲಾರ್ ಚಾರ್ಜ್ ಕಂಟ್ರೋಲರ್: ನೆಗೆಟಿವ್‌ಗೆ ಅರ್ಥಿಂಗ್ ಕೊಡಬೇಕಾ, ಬೇಡವಾ?

ಪ್ರಶ್ನೆ: ಶಿರಸಿ ಹತ್ತಿರ ತೋಟದ ಮನೆ. ಮೂರು ಪ್ಯಾನೆಲ್ ಸೀರೀಸ್‌ನಲ್ಲಿವೆ, ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನಿಂದ ಆದಷ್ಟು ಹೆಚ್ಚು ಪವರ್ ತೆಗೆದು ಬ್ಯಾಟರಿ ಚಾರ್ಜ್ ಮಾಡುವ ಬಗೆಯದು), 48 ವೋಲ್ಟ್ ಬ್ಯಾಟರಿ. ಮಳೆ ಬಂದಾಗ ಪ್ಯಾನೆಲ್ ಫ್ರೇಮ್ ಮುಟ್ಟಿದರೆ ಜುಮ್ ಅನ್ನುತ್ತದೆ. ಒಬ್ಬರು ನೆಗೆಟಿವ್‌ಗೆ ಅರ್ಥ್ ಕೊಡಿ ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ. ಅನುಭವ ಇದ್ದವರು ಹೇಳಿ.

ಉತ್ತರ: ಸರ್, ಮೊದಲು ಆ ಫ್ರೇಮ್ ಮುಟ್ಟಬೇಡಿ, ಮಕ್ಕಳನ್ನೂ ಹತ್ತಿರ ಬಿಡಬೇಡಿ. ಎಲ್ಲೋ ವೈರ್ ಫ್ರೇಮಿಗೆ ತಾಗಿದೆ. ಮೂರು ಪ್ಯಾನೆಲ್ ಅಂದರೆ ಸುಮಾರು 120 ವೋಲ್ಟ್ ಡಿಸಿ, ಸಣ್ಣದಲ್ಲ.

ಅರ್ಥಿಂಗ್ ಎರಡು ಥರ. ಫ್ರೇಮ್, ಸ್ಟ್ಯಾಂಡ್, ಕಂಟ್ರೋಲರ್ ಬಾಡಿಗೆ ಅರ್ಥ್ ಬೇಕೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ನೆಗೆಟಿವ್ ವಿಷಯ ಮಾತ್ರ ಕಂಟ್ರೋಲರ್ ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಬೇಕು. ಗ್ರೌಂಡ್ ಫಾಲ್ಟ್ (ಕರೆಂಟ್ ಅರ್ಥ್‌ಗೆ ಸೋರುವುದು) ರಕ್ಷಣೆ ಇರುವ ಕೆಲವು ಕಂಟ್ರೋಲರ್‌ಗಳಲ್ಲಿ ನೆಗೆಟಿವ್‌ಗೂ ಅರ್ಥ್‌ಗೂ ಮಧ್ಯೆ ಸುಮಾರು 1 ಆಂಪ್‌ನ ಚಿಕ್ಕ ಫ್ಯೂಸ್ ಇರುತ್ತದೆ. ಪ್ಲಸ್ ವೈರ್ ಫ್ರೇಮಿಗೆ ತಾಗಿ ಸೋರಿದ ಕರೆಂಟ್ ಅದೇ ಫ್ಯೂಸ್ ಮೂಲಕ ವಾಪಸ್ ಬರಬೇಕು, ಆಗ ಫ್ಯೂಸ್ ಹೋಗುತ್ತದೆ, ಕಂಟ್ರೋಲರ್ ಚಾರ್ಜಿಂಗ್ ನಿಲ್ಲಿಸುತ್ತದೆ. ಇನ್ನೊಬ್ಬರು ಬಂದು ಬ್ಯಾಟರಿ ನೆಗೆಟಿವ್‌ನಿಂದ ಸೀದಾ ಒಂದು ದಪ್ಪ ವೈರ್ ಅರ್ಥ್ ಗುಂಡಿಗೆ ಎಳೆದರೆ ಮುಗೀತು, ಸೋರಿದ ಕರೆಂಟ್ ಆ ದಾರಿ ಹಿಡಿಯುತ್ತದೆ, ಫ್ಯೂಸ್‌ಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನೆಗೆಟಿವ್ ಅರ್ಥ್‌ಗೆ ಸೇರುವುದಾದರೆ ಒಂದೇ ಕಡೆ. ಫ್ಯೂಸ್ ಹೋಯಿತು ಅಂತ ದೊಡ್ಡದು ಹಾಕಬೇಡಿ. ಅದು ಹೋದ ಮೇಲೆ ನೆಗೆಟಿವ್ ವೈರ್‌ನಲ್ಲೂ ವೋಲ್ಟೇಜ್ ಇರಬಹುದು, ಬರಿಗೈಯಲ್ಲಿ ಹಿಡಿಯಬೇಡಿ. ಮನೆಯ ಎಸಿ ಬೋರ್ಡಿನ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಟ್ರಿಪ್ ಆಗುವ ಸ್ವಿಚ್) ಸೋಲಾರ್ ಪ್ಯಾನೆಲ್ ಕಡೆಯ ಈ ಸೋರಿಕೆ ಹಿಡಿಯುವುದಿಲ್ಲ.

ಫಾಲ್ಟ್ ಎಲ್ಲಿದೆ ಅಂತ ಮೀಟರೇ ಹೇಳುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಪ್ಯಾನೆಲ್ ಕಡೆಯ ಡಿಸಿ ಐಸೊಲೇಟರ್ (ಪ್ಯಾನೆಲ್ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ, ಪ್ಲಸ್‌ನಿಂದ ಫ್ರೇಮಿಗೆ, ಮೈನಸ್‌ನಿಂದ ಫ್ರೇಮಿಗೆ ಅಳೆಯಬೇಕು. ಸರಿ ಇದ್ದರೆ ರೀಡಿಂಗ್ ನಿಲ್ಲದೆ ಇಳಿದುಹೋಗುತ್ತದೆ. ನಿಂತರೆ ಫಾಲ್ಟ್ ಇದೆ. ಮೈನಸ್ ಕಡೆ 40, ಪ್ಲಸ್ ಕಡೆ 80 ವೋಲ್ಟ್ ಬಂತು ಅನ್ನಿ, ಒಂದು ಪ್ಯಾನೆಲ್‌ಗೆ ಸುಮಾರು 40 ಅಲ್ವಾ, ಹಾಗಾಗಿ ಮೈನಸ್‌ನಿಂದ ಮೊದಲನೇ ಮತ್ತು ಎರಡನೇ ಪ್ಯಾನೆಲ್ ನಡುವಿನ ವೈರ್ ನೋಡಿ. ನಾನು ನೋಡಿದ ಹೆಚ್ಚಿನ ಕಡೆ ಅಳಿಲು ಕಡಿದದ್ದು, ಇಲ್ಲವೇ ವೈರ್ ಫ್ರೇಮಿನ ಅಂಚಿಗೆ ಉಜ್ಜಿ ಮೇಲಿನ ಕವಚ ಹೋಗಿ ಒಳಗಿನ ಎಳೆಗಳು ಕಪ್ಪಾದದ್ದು. ಒಣಗಿದ್ದಾಗ ಸುಮ್ನಿರುತ್ತದೆ, ಒದ್ದೆಯಾದರೆ ಶುರು. ರಿಪೇರಿ ಕತ್ತಲಾದ ಮೇಲೆ.

ಮತ್ತೊಂದು ಉತ್ತರ: ಇವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ತೋಟದ ಲೈಟಿಗೆ ಅಂತ ಬೇರೆ ಚಿಕ್ಕ ಪಿಡಬ್ಲ್ಯುಎಂ ಕಂಟ್ರೋಲರ್ (ಕರೆಂಟನ್ನು ಆನ್-ಆಫ್ ಮಾಡುತ್ತಾ ಚಾರ್ಜ್ ಮಾಡುವ ಸರಳ ಬಗೆ) ಇದೆಯಾ? ಅವು ಹೆಚ್ಚಾಗಿ ಕಾಮನ್ ಪಾಸಿಟಿವ್, ಅಂದರೆ ಪ್ಯಾನೆಲ್ ಪ್ಲಸ್, ಬ್ಯಾಟರಿ ಪ್ಲಸ್ ಒಳಗೇ ಸೇರಿರುತ್ತವೆ, ಸ್ವಿಚ್ಚಿಂಗ್ ನಡೆಯುವುದೇ ಮೈನಸ್ ಕಡೆ. ಪ್ಯಾನೆಲ್ ಮೈನಸ್, ಬ್ಯಾಟರಿ ಮೈನಸ್ ಎರಡಕ್ಕೂ ಅರ್ಥ್ ಕೊಟ್ಟರೆ ಕಂಟ್ರೋಲರನ್ನೇ ದಾಟಿಸಿದ ಹಾಗೆ, ಬ್ಯಾಟರಿ ಓವರ್‌ಚಾರ್ಜ್ ಆಗುತ್ತದೆ. ವೈರ್ ಎಲ್ಲ ಬಿಚ್ಚಿ ಕಂಟ್ರೋಲರಿನ ಪ್ಯಾನೆಲ್ ಪ್ಲಸ್, ಬ್ಯಾಟರಿ ಪ್ಲಸ್ ಟರ್ಮಿನಲ್ ನಡುವೆ ಬೀಪ್ ಮೋಡ್‌ನಲ್ಲಿ ಮೀಟರ್ ಇಡಿ. ಬೀಪ್ ಬಂದರೆ ಕಾಮನ್ ಪಾಸಿಟಿವ್.

ಇನ್ನೊಬ್ಬರು: ಫ್ರೇಮಿಗೆ ಅರ್ಥ್ ವೈರ್ ಸುಮ್ನೆ ಬೋಲ್ಟ್ ಹಾಕಿ ಬಿಗಿದರೆ ಸಾಲದು. ಅಲ್ಯೂಮಿನಿಯಂ ಮೇಲಿನ ಆನೊಡೈಸ್ಡ್ ಪದರದಲ್ಲಿ (ತುಕ್ಕು ತಡೆಯಲು ಮಾಡಿದ ಗಟ್ಟಿ ಆಕ್ಸೈಡ್ ಪದರ) ಕರೆಂಟ್ ಹರಿಯುವುದಿಲ್ಲ. ಹಲ್ಲಿರುವ ಸ್ಟೀಲ್ ವಾಷರ್ ಬೇಕು, ಅದು ಪದರ ಕೆರೆದು ಒಳಗೆ ಕಚ್ಚಬೇಕು. ಬರಿ ತಾಮ್ರ ನೇರ ತಾಗಿಸಿದರೆ ಮಳೆಗಾಲದಲ್ಲಿ ಆ ಜಾಗ ತಿಂದುಹೋಗುತ್ತದೆ, ವೈರ್ ತುದಿಗೆ ತವರ ಲೇಪಿಸಿದ ಲಗ್ (ಬೋಲ್ಟ್ ಹಾಕುವ ತೂತಿರುವ ಲೋಹದ ತುದಿ) ಹಾಕಿಸಿ. ಮತ್ತೆ ನಮ್ಮ ಕಡೆ ಜಂಬಿಟ್ಟಿಗೆ ನೆಲ, ಏಪ್ರಿಲ್ ಮೇ ಸಿಡಿಲಿನ ಹೊತ್ತಿಗೆ ಅರ್ಥ್ ಗುಂಡಿ ಪೂರ್ತಿ ಒಣಗಿರುತ್ತದೆ ಅಲ್ವಾ, ಆಗ ನೀರು ಹಾಕುತ್ತಿರಿ. ಪ್ಯಾನೆಲ್ ಗುಂಡಿ, ಮನೆ ಗುಂಡಿ ಎರಡಿದ್ದರೆ ಅವನ್ನು ಒಂದಕ್ಕೊಂದು ಪಟ್ಟಿ ಹಾಕಿ ಸೇರಿಸಿಸಿ.