ಲ್ಯಾಶ್ ಹಾಕಿಸಿ 12 ದಿನ ಆಯಿತು, ನೀರು ತಾಗಿಸಬಹುದಾ?

ಗಾಳಿಬೀಡಿನವಳು:

ನಮ್ಮದು ಮಡಿಕೇರಿ ಹತ್ತಿರ ಗಾಳಿಬೀಡು ಕಡೆ. ಮನೆಯಲ್ಲೇ ಸಣ್ಣ ಹೋಂಸ್ಟೇ ಇದೆ, ಅಡುಗೆ ಪೂರ್ತಿ ನನ್ನದು. ಹುಟ್ಟಿದಾಗಿನಿಂದ ನನ್ನ ರೆಪ್ಪೆ ಕೂದಲು ತೆಳು. ಫೋಟೋದಲ್ಲಿ ಇದೆಯೋ ಇಲ್ಲವೋ ಅಂತ ಗೊತ್ತಾಗುವುದಿಲ್ಲ. ಚಿಕ್ಕಪ್ಪನ ಮಗಳ ಮದುವೆ ಅಂತ ಈ ಸಲ ಧೈರ್ಯ ಮಾಡಿ ಲ್ಯಾಶ್ ಎಕ್ಸ್‌ಟೆನ್ಷನ್, ಅಂದರೆ ರೆಪ್ಪೆ ಕೂದಲಿಗೆ ಅಂಟಿಸುವ ಕೃತಕ ಎಳೆಗಳನ್ನು ಹಾಕಿಸಿದೆ. ಎರಡು ಗಂಟೆ ಕಣ್ಣು ಮುಚ್ಚಿ ಮಲಗಿದ್ದೆ. ಎದ್ದು ಕನ್ನಡಿ ನೋಡಿದಾಗ ತುಂಬಾ ಖುಷಿಯಾಯಿತು. ಮದುವೆಯಲ್ಲಿ ವಾಲಗಕ್ಕೆ ಕುಣಿದು ಬೆವರಿದರೂ ಒಂದೂ ಅಲುಗಲಿಲ್ಲ.

ಈಗಿನ ತೊಂದರೆ ಹೇಳುತ್ತೇನೆ. ಹಾಕಿದವರು "ನೀರು ತಾಗಿಸಬೇಡಿ" ಅಂದರು. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ಒದ್ದೆ ಬಟ್ಟೆಯಲ್ಲಿ ಕೆನ್ನೆ, ಹಣೆ ಮಾತ್ರ ಒರೆಸಿಕೊಳ್ಳುತ್ತಿದ್ದೇನೆ. ತಲೆಗೆ ನೀರು ಹಾಕುವಾಗಲೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಹೊರಗೆ ಒಂದೇ ಸಮ ಮಳೆ, ಒಗೆದ ಟವೆಲ್ ಮೂರು ದಿನವಾದರೂ ಒಣಗುವುದಿಲ್ಲ. ಬುಡದಲ್ಲಿ ಹೊಟ್ಟಿನ ಹಾಗೆ ಬಿಳಿ ಬಿಳಿ ಕಾಣುತ್ತಿದೆ. ಬೆಳಿಗ್ಗೆ ಎದ್ದರೆ ತುರಿಕೆ. ನಿನ್ನೆ ಬಲಗಣ್ಣಿನ ಹೊರಮೂಲೆಯಿಂದ ಒಂದು ಗೊಂಚಲೇ ಉದುರಿತು. ಅದರ ಜೊತೆ ನನ್ನದೇ ಎರಡು ಕೂದಲು ಬೇರು ಸಮೇತ ಬಂದಿವೆ. ಇದ್ದದ್ದೇ ಸ್ವಲ್ಪ, ಅದೂ ಹೋದರೆ ಅಂತ ಭಯ.

ಅತ್ತೆ ತೆಂಗಿನೆಣ್ಣೆ ಹಚ್ಚು ಅನ್ನುತ್ತಾರೆ. ಹಚ್ಚಬಹುದಾ? ಇನ್ನೊಂದು, ದಿನಾ ಕಡಂಬುಟ್ಟು, ನೂಪುಟ್ಟು ಬೇಯಿಸುವ ಹಬೆ, ಬಚ್ಚಲ ಒಲೆಯ ಬೆಂಕಿ ಇವೆಲ್ಲ ಏನಾದರೂ ಮಾಡುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಕುಶಾಲನಗರ ಲ್ಯಾಶ್:

ನಾನು ಇದೇ ಕೆಲಸ ಮಾಡುವವಳು. ಇವತ್ತೇ ತೊಳೆಯಿರಿ ಅಕ್ಕ, ನಾಳೆಗೆ ಬಿಡಬೇಡಿ. ನೀರು ಬೇಡ ಅನ್ನುವುದು ಮೊದಲ ಒಂದೆರಡು ದಿನಕ್ಕೆ ಮಾತ್ರ. ಆಮೇಲೆ ದಿನಾ ತೊಳೆಯಲೇಬೇಕು. ನೀವು ನೋಡಿದ ಬಿಳಿ ಹೊಟ್ಟು ಚರ್ಮದ ಎಣ್ಣೆ, ಸತ್ತ ಚರ್ಮ, ಧೂಳು ಸೇರಿ ಕೂತದ್ದು. ಹಾಗೇ ಬಿಟ್ಟರೆ ರೆಪ್ಪೆಯ ಅಂಚು ಕೆಂಪಾಗಿ ಊದುತ್ತದೆ. ಕಣ್ಣಿನ ಡಾಕ್ಟರು ಅದಕ್ಕೆ ಬ್ಲೆಫರೈಟಿಸ್ ಅನ್ನುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ನೀರಿಗೆ ಹೆದರಿ ಕಣ್ಣು ಕೆಡಿಸಿಕೊಂಡವರೇ ಜಾಸ್ತಿ.

ಎಣ್ಣೆಯಿಲ್ಲದ ಲ್ಯಾಶ್ ಶಾಂಪೂ ನೊರೆ ಮಾಡಿ, ಮೆತ್ತನೆಯ ಬ್ರಷ್‌ನಲ್ಲಿ ಬುಡದಿಂದ ತುದಿಯ ಕಡೆಗೆ ಹಗುರವಾಗಿ ಸವರಿ. ಉಜ್ಜಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ನೊರೆ ಪೂರ್ತಿ ಹೋಗುವ ತನಕ ತೊಳೆಯಿರಿ. ಟವೆಲ್ ಒತ್ತಬೇಡಿ, ಹತ್ತಿಯೂ ಬೇಡ, ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ಫ್ಯಾನ್ ಕೆಳಗೆ ಎರಡು ನಿಮಿಷ ಕೂತು, ಒಣಗಿದ ಮೇಲೆ ಸುರುಳಿ ಬ್ರಷ್‌ನಲ್ಲಿ ಬಾಚಿ.

ತೆಂಗಿನೆಣ್ಣೆ ಈಗ ಬೇಡ, ಅಂಟು ಸಡಿಲವಾಗುತ್ತದೆ. ಎಣ್ಣೆ ಇರುವ ಮೇಕಪ್ ರಿಮೂವರ್ ಕೂಡ ಹಾಗೇ.

ಆ ಗೊಂಚಲಿನ ಬಗ್ಗೆ ಒಂದು ಕೇಳಬೇಕು. ಹೊರಮೂಲೆಯಲ್ಲಿ ಬ್ರಷ್ ಸಲೀಸಾಗಿ ಹೋಗುತ್ತದಾ, ಸಿಕ್ಕಿಕೊಳ್ಳುತ್ತದಾ?

ಗಾಳಿಬೀಡಿನವಳು:

ತುಂಬಾ ಥ್ಯಾಂಕ್ಸ್. ತೊಳೆದೆ. ಬೇಬಿ ಶಾಂಪೂ ಇತ್ತು, ನೀರು ಸೇರಿಸಿ ಅದನ್ನೇ ಹಾಕಿದೆ. ತುರಿಕೆ ಅರ್ಧಕ್ಕರ್ಧ ಇಳಿಯಿತು. ಆದರೆ ಎರಡೂ ಕಣ್ಣಿನ ಮೂಲೆಯಲ್ಲಿ ಬ್ರಷ್ ಸಿಕ್ಕಿಕೊಳ್ಳುತ್ತದೆ. ಎಳೆದರೆ ಚುಳ್ ಅನ್ನುತ್ತದೆ.

ಕುಶಾಲನಗರ ಲ್ಯಾಶ್:

ಎಳೆಯಬೇಡಿ! ನಿಮ್ಮದೇ ಎರಡು ಮೂರು ಕೂದಲು ಒಟ್ಟಿಗೆ ಅಂಟಿಕೊಂಡಿವೆ. ಕ್ಲಾಸಿಕ್ ಅನ್ನುವ ರೀತಿಯಲ್ಲಿ ನಿಮ್ಮ ಒಂದು ಕೂದಲಿಗೆ ಒಂದೇ ಎಕ್ಸ್‌ಟೆನ್ಷನ್. ವಾಲ್ಯೂಮ್ ಆದರೆ ತುಂಬಾ ತೆಳು ಎಳೆಗಳ ಸಣ್ಣ ಬೀಸಣಿಗೆ ಮಾಡಿ ಕೂರಿಸುತ್ತಾರೆ, ಆಗಲೂ ನಿಮ್ಮ ಕೂದಲು ಒಂದೇ ಇರಬೇಕು. ಪ್ರತಿ ಕೂದಲಿಗೂ ಅದರದೇ ಸಮಯ. ಒಂದು ಬೆಳೆಯುತ್ತಿರುತ್ತದೆ, ಪಕ್ಕದ್ದು ಉದುರುವ ಹಂತದಲ್ಲಿರುತ್ತದೆ. ಎರಡನ್ನೂ ಅಂಟಿಸಿಬಿಟ್ಟರೆ ಒಂದು ಇನ್ನೊಂದನ್ನು ಎಳೆಯುತ್ತದೆ. ದಿನಕ್ಕೆ ಒಂದರಿಂದ ಐದು ಕೂದಲು ಎಲ್ಲರಿಗೂ ಉದುರುತ್ತವೆ, ಅದಕ್ಕೇ ಎರಡು ಮೂರು ವಾರಕ್ಕೊಮ್ಮೆ ರೀಫಿಲ್, ಅಂದರೆ ಖಾಲಿಯಾದ ಕಡೆ ಹೊಸದು ಹಾಕುವುದು. ಆದರೆ ನಿಮ್ಮದಕ್ಕೆ ರೀಫಿಲ್ ಬೇಡ. ಪೂರ್ತಿ ತೆಗೆಸಿ. ಕ್ರೀಮ್ ರಿಮೂವರ್ ಹಾಕಿ ಅಂಟು ಕರಗಿಸಿದರೆ ನೋವಿಲ್ಲದೆ ಜಾರುತ್ತವೆ. ಮನೆಯಲ್ಲಿ ಪ್ರಯತ್ನ ಬೇಡ.

ಮಳೆಗಾಲದ ವಿಷಯವೂ ಇದೆ. ಈ ಅಂಟು ಒಣಗಾಳಿಯಲ್ಲಲ್ಲ, ಗಾಳಿಯ ತೇವದಿಂದಲೇ ಗಟ್ಟಿಯಾಗುವುದು. ತೇವ ಜಾಸ್ತಿಯಾದರೆ ಕೂದಲಿಗೆ ಸರಿಯಾಗಿ ಸುತ್ತಿಕೊಳ್ಳುವ ಮೊದಲೇ ಗಟ್ಟಿಯಾಗಿ, ಬೇಗ ಬಿಟ್ಟುಕೊಳ್ಳುತ್ತದೆ. ನಿಮ್ಮ ಕಡೆಯಷ್ಟು ಮಳೆ ಇಲ್ಲಿಲ್ಲ. ಆದರೂ ಜೂನ್ ಬಂತೆಂದರೆ ನಾನು ನಿಧಾನಕ್ಕೆ ಒಣಗುವ ಅಂಟಿಗೆ ಬದಲಾಯಿಸುತ್ತೇನೆ, ರೂಮಿನಲ್ಲಿ ತೇವ ಎಳೆಯುವ ಮೆಷಿನ್ ಇಡುತ್ತೇನೆ.

ಹಬೆ, ಬೆಂಕಿ ಎರಡಕ್ಕೂ ದೂರವಿರಬೇಕು. ಈ ಎಳೆಗಳು ಸಿಂಥೆಟಿಕ್. ಪಾತ್ರೆಯ ಮುಚ್ಚಳ ತೆಗೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿ. ಬಚ್ಚಲ ಒಲೆಗೆ ಬಗ್ಗಿ ಊದಲೇಬೇಡಿ, ಝಳಕ್ಕೆ ತುದಿ ಸುಟ್ಟು ಮುರುಟುತ್ತದೆ.

ಸೋಮವಾರಪೇಟೆ ಅಮ್ಮ:

ನನ್ನ ಅನುಭವವನ್ನೂ ಹೇಳುತ್ತೇನೆ, ತಂಗಿ. ನಾನು ನಾಲ್ಕು ಸಲ ಹಾಕಿಸಿದ್ದೆ, ಏನೂ ಆಗಿರಲಿಲ್ಲ. ಐದನೇ ಸಲ ಮಾರನೇ ದಿನ ಬೆಳಿಗ್ಗೆ ಎರಡೂ ರೆಪ್ಪೆ ಊದಿ ಕಣ್ಣು ತೆರೆಯಲು ಆಗಲಿಲ್ಲ. ಅಂಟಿನ ಅಲರ್ಜಿ. ಇದು ಸಯನೊಅಕ್ರಿಲೇಟ್, ಮನೆಯಲ್ಲಿರುವ ಫೆವಿಕ್ವಿಕ್ ಜಾತಿಯದೇ. ಹಾಗಂತ ಉದುರಿದ್ದನ್ನು ಯಾರೂ ಅದರಲ್ಲಿ ಅಂಟಿಸಬೇಡಿ, ಕಣ್ಣಿನ ಹತ್ತಿರ ಅದನ್ನು ತರಲೇಬಾರದು. ಅಲರ್ಜಿ ಒಮ್ಮೆ ಬಂದರೆ ಮತ್ತೆ ಹಾಕಿಸಿದಾಗಲೂ ಬರುತ್ತದೆ ಅಂತ ಡಾಕ್ಟರು ಹೇಳಿದರು. ನಾನು ಬಿಟ್ಟುಬಿಟ್ಟೆ, ಈಗ ಕಾಡಿಗೆ ಸಾಕು ಅನ್ನಿಸಿದೆ.

ತೊಳೆದ ಮೇಲೆ ನಿಮ್ಮ ತುರಿಕೆ ಇಳಿದದ್ದರಿಂದ ಅಲರ್ಜಿ ಅಲ್ಲದಿರಬಹುದು. ಆದರೆ ಊತ, ಕೀವು, ಬೆಳಕು ನೋಡಲು ಆಗದಷ್ಟು ನೋವು, ಮಂಜು ಮಂಜಾಗಿ ಕಾಣುವುದು, ಇದರಲ್ಲಿ ಒಂದಿದ್ದರೂ ಪಾರ್ಲರ್‌ಗೆ ಹೋಗಬೇಡಿ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎಷ್ಟೇ ಮಳೆಯಿರಲಿ.

ಗಾಳಿಬೀಡಿನವಳು:

ಇವತ್ತು ತೆಗೆಸಿದೆ. ಹಾಕಿಸಿದ ಕಡೆ ಹೋಗಲಿಲ್ಲ, ಬೇರೆಯವರ ಹತ್ತಿರ. ಅರ್ಧ ಗಂಟೆಯಾಯಿತು, ಒಂದು ಚೂರೂ ನೋಯಲಿಲ್ಲ. ಬಲಗಣ್ಣಿನ ಮೂಲೆಯಲ್ಲಿ ಸ್ವಲ್ಪ ಖಾಲಿ ಕಾಣುತ್ತದೆ. ಎರಡು ತಿಂಗಳಲ್ಲಿ ತುಂಬಿಕೊಳ್ಳಬಹುದು, ಸುಮ್ನೆ ಬಿಡಿ ಅಂದರು. ಊತ ಇಲ್ಲ, ನೋಟ ಸರಿಯಾಗಿದೆ. ಕನ್ನಡಿ ನೋಡಿದರೆ ಬೇಜಾರಾಗುತ್ತದೆ, ಅದು ನಿಜ. ಹಾಗೆ ಕಂಡದ್ದು ನನಗೆ ಇಷ್ಟವಾಗಿತ್ತು.

ಕುಶಾಲನಗರದವರೇ, ಕಾವೇರಿ ಸಂಕ್ರಮಣ ಕಳೆದು ಮಳೆ ನಿಂತ ಮೇಲೆ ನಾನು ನಿಮ್ಮಲ್ಲಿಗೇ ಬರುತ್ತೇನೆ. ಕ್ಲಾಸಿಕ್ ಸಾಕು, ಉದ್ದ ಬೇಡ. ಅಂಟು ಅಲರ್ಜಿ ಆಗುತ್ತದಾ ಅಂತ ನೋಡುವ ಪ್ಯಾಚ್ ಟೆಸ್ಟ್‌ಗೆ ಎಷ್ಟು ದಿನ ಮೊದಲು ಬರಬೇಕು?

ಕುಶಾಲನಗರ ಲ್ಯಾಶ್:

ಎರಡು ದಿನ ಮೊದಲು ಬನ್ನಿ. ನಾಲ್ಕೈದು ಎಳೆ ಮಾತ್ರ ಅಂಟಿಸಿ ಕಳಿಸುತ್ತೇನೆ. ಏನೂ ಆಗದಿದ್ದರೆ ಉಳಿದದ್ದು ಹಾಕೋಣ. ಬರುವಾಗ ಕಾಡಿಗೆ ಹಚ್ಚಬೇಡಿ.